ಗುಂಡನ ಊಟ, ಗುಂಡನ ಉಂಡೆ

ಮೊನ್ನೆ ಲಿಫ್ಟಿನಲ್ಲಿ ಮೂರನೇ ಮಹಡಿಯ ಹುಡುಗ ಸಿಕ್ಕಿದ. ಕೈಯಲ್ಲೊಂದು ರಟ್ಟಿನ ಪೆಟ್ಟಿಗೆ, ಒಳಗಿಂದ ಸಣ್ಣಗೆ ಮಿಯಾಂವ್. "ಆಂಟಿ, ನಿಮ್ಮನೇಲೂ ಬೆಕ್ಕಿದೆ ಅಲ್ವಾ? ಒಳ್ಳೆ ಕ್ವಾಲಿಟಿ ಫುಡ್ ಯಾವುದು ಹೇಳಿ" ಅಂದ. ಬಾಯಿ ತೆರೆದೆ, ಮಾತು ಹೊರಡಲಿಲ್ಲ. ಅಷ್ಟರಲ್ಲಿ ಅವನ ಮಹಡಿ ಬಂತು. "ಆಮೇಲೆ ಮೆಸೇಜ್ ಮಾಡಿ ಆಂಟಿ" ಅಂತ ಇಳಿದು ಹೋದ. ಈ ಒಂದು ವಿಷಯಕ್ಕೆ ನಾಲ್ಕು ವರ್ಷ ತಲೆ ಕೆಡಿಸಿಕೊಂಡವಳು ನಾನು. ಪ್ಯಾಕೆಟ್ಟಿನ ಹಿಂದಿರುವ ಸಣ್ಣಕ್ಷರ ಓದಲಿಕ್ಕೆಂದೇ ಅಮ್ಮನ ಹಳೆಯ ಭೂತಕನ್ನಡಿ ನನ್ನ ಬ್ಯಾಗಿನಲ್ಲಿರುತ್ತದೆ. ನಮ್ಮ ಅಟ್ಟದ ಮೇಲೆ ಅರ್ಧ ಖಾಲಿಯಾದ ಐದು ಚೀಲ ಬೆಕ್ಕಿನ ಕಾಳು (ಅಂಗಡಿಯಲ್ಲಿ ಸಿಗುವ ಒಣ ಊಟ) ಬಿದ್ದಿದ್ದ ಕಾಲವೂ ಇತ್ತು. ಆದರೂ ಒಂದು ಹೆಸರು ಹೇಳಲು ಆಗಲಿಲ್ಲ. ರಾತ್ರಿ ಮೆಸೇಜ್ ಬರೆಯಲು ಕೂತೆ. ಅದು ಉದ್ದವಾಗುತ್ತಲೇ ಹೋಯಿತು.

ಆ ಭಾನುವಾರ

ಗುಂಡ ಗಂಡು ಬೆಕ್ಕು. ಬೂದು ಪಟ್ಟೆ, ಬಿಳಿ ಎದೆ, ನಾಲ್ಕೂವರೆ ಕೆಜಿ ತೂಕ. ಒಂದು ಮಳೆಗಾಲದಲ್ಲಿ ನಿಂತಿದ್ದ ಸ್ಕೂಟರಿನ ಕೆಳಗೆ ಸಿಕ್ಕವನು. ಆಪರೇಷನ್ ಮಾಡಿಸಿದ್ದೆವು, ಲಸಿಕೆ ಹಾಕಿಸಿದ್ದೆವು, ಫ್ಲ್ಯಾಟಿನಿಂದ ಹೊರಗೆ ಬಿಡುತ್ತಿರಲಿಲ್ಲ. ಮೂರು ವರ್ಷ ಬರೀ ಒಣ ಕಾಳು ತಿಂದೇ ಬೆಳೆದ. ಬೆಳಿಗ್ಗೆ ಬಟ್ಟಲು ತುಂಬಿಸಿ ನಾನು ಆಫೀಸಿಗೆ ಹೋದರೆ ಸಂಜೆವರೆಗೆ ಅವನಿಗೂ ಚಿಂತೆ ಇಲ್ಲ, ನನಗೂ ಇಲ್ಲ. ಕೆಡುವುದಿಲ್ಲ, ವಾಸನೆ ಇಲ್ಲ, ನಮ್ಮದು ಮೀನು ಮಾಂಸ ಬೇಯಿಸದ ಅಡುಗೆಮನೆ. ಎಲ್ಲದಕ್ಕೂ ಅನುಕೂಲ. ಯಾರ ಅನುಕೂಲ ಅಂತ ಆಗ ಕೇಳಿಕೊಂಡಿರಲಿಲ್ಲ.

ಆ ಭಾನುವಾರ ಬೆಳಿಗ್ಗೆಯಿಂದ ಲಿಟ್ಟರ್ ಟ್ರೇಗೆ, ಅಂದರೆ ಅವನ ಉಚ್ಚೆಗೆಂದು ಮರಳಿನಂಥ ಪುಡಿ ತುಂಬಿಟ್ಟ ತಟ್ಟೆಗೆ, ಹೋಗುವುದು, ಕೂರುವುದು, ಎದ್ದು ಬರುವುದು. ಮತ್ತೆ ಹೋಗುವುದು. ಮುಕ್ಕುತ್ತಿದ್ದ. ಹೊಟ್ಟೆ ಕಟ್ಟಿದೆ ಅಂದುಕೊಂಡೆ. ಹತ್ತಿರದ ಒಂದು ಕ್ಲಿನಿಕ್ಕಿಗೆ ಫೋನ್ ಮಾಡಿದರೆ ಎತ್ತಿಕೊಂಡವರು, "ಮೋಷನ್ ಟೈಟಾಗಿರಬೇಕು, ನಾಳೆ ಕರ್ಕೊಂಡು ಬನ್ನಿ" ಅಂದರು. ನನಗೂ ಅದೇ ಬೇಕಿತ್ತು, ಸುಮ್ಮನಾದೆ. ಅಮ್ಮ ಮಾತ್ರ ಅವನ ಹಿಂದೆಯೇ ಓಡಾಡುತ್ತಿದ್ದಳು. "ಇದು ಉರಿಮೂತ್ರ ಕಣೇ. ಬಾರ್ಲಿ ನೀರು ಕುಡಿಸೋಣ, ಬಾಳೆದಿಂಡಿನ ರಸ ಕೊಟ್ಟರೆ ಕಲ್ಲು ಇದ್ದರೂ ಹೋಗತ್ತೆ" ಅಂದಳು. ಬೆಕ್ಕಿಗೆ ಬಾಳೆದಿಂಡು! ನಾನು ನಕ್ಕೆ. ಆದರೆ ರೋಗ ಯಾವುದು ಅಂತ ಸರಿಯಾಗಿ ಹೇಳಿದ್ದು ಅವತ್ತು ಅವಳೊಬ್ಬಳೇ.

ಸಂಜೆ ಏಳಕ್ಕೆ ಗುಂಡ ಬಚ್ಚಲ ಜಾಲರಿಯ ಮೇಲೆ ಕೂತು ಕೂಗಿದ. ಆ ದನಿ ಅವನದು ಅಂತಲೇ ಅನ್ನಿಸಲಿಲ್ಲ. "ಇದು ನಾಳೆಗೆ ಕಾಯೋದಲ್ಲ ಮಾರಾಯ್ತಿ, ಆಟೋ ಹಿಡಿ" ಅಂದಳು ಅಮ್ಮ. ರಾತ್ರಿ ತೆರೆದಿರುವ ಒಂದು ಆಸ್ಪತ್ರೆಗೆ ಹೋದೆವು. ಡಾಕ್ಟರು ಒಂದು ಕೈಯಲ್ಲಿ ಹೊಟ್ಟೆಯ ಕೆಳಭಾಗ ಹಿಡಿದು ನೋಡಿದರು. ಆಮೇಲೆ ನನ್ನ ಬೆರಳು ಹಿಡಿದು ಅಲ್ಲಿ ಮುಟ್ಟಿಸಿದರು. ಚರ್ಮದ ಒಳಗೆ ಒಂದು ಮೂಸಂಬಿ ಇಟ್ಟ ಹಾಗಿತ್ತು. ಅದು ಮೂತ್ರಚೀಲ. ಗಂಡು ಬೆಕ್ಕಿನ ಮೂತ್ರನಾಳ ತುದಿಯಲ್ಲಿ ತೀರಾ ಸಪೂರ. ಸಣ್ಣ ಮರಳಿನಂಥ ಹರಳು, ಲೋಳೆ ಸೇರಿ ಬೂಚು ಕಟ್ಟಿದರೆ ಸಾಕು. ಹೊರಗೆ ಹೋಗಬೇಕಾದ್ದು ಒಳಗೇ ಉಳಿಯುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ಹೃದಯ ತಾಳ ತಪ್ಪುತ್ತದೆ. ಪೂರ್ತಿ ಕಟ್ಟಿದ ಬೆಕ್ಕು ಎರಡು ಮೂರು ದಿನದಲ್ಲಿ ಹೋಗಿಬಿಡಬಹುದು. "ನಾಳೆ ಬೆಳಿಗ್ಗೆ ತಂದಿದ್ದರೆ ನಾನು ಏನೂ ಗ್ಯಾರಂಟಿ ಕೊಡ್ತಿರಲಿಲ್ಲ" ಅಂದರು. ಮತ್ತು ಬರಿಸಿ ಕ್ಯಾಥಿಟರ್ ಹಾಕಿದರು. ಕೊಳವೆಯಲ್ಲಿ ಇಳಿದದ್ದು ಟೊಮೆಟೊ ಸಾರಿನ ಬಣ್ಣ. ಮೂರು ರಾತ್ರಿ ಅಲ್ಲೇ ಇಟ್ಟುಕೊಂಡರು. ಮೂರು ದಿನ ಅಮ್ಮ ಅವನ ಬಟ್ಟಲನ್ನು ತೊಳೆಯಲಿಲ್ಲ, ಮುಟ್ಟಲೂ ಇಲ್ಲ.

(ಗಂಡು ಬೆಕ್ಕು ಸಾಕಿದವರಿಗೆ ಇಲ್ಲೇ ಹೇಳಿಬಿಡುತ್ತೇನೆ. ಟ್ರೇಯಲ್ಲಿ ಪದೇ ಪದೇ ಕೂತು ಒಂದು ಹನಿಯೂ ಬರದಿದ್ದರೆ ಈ ಬರಹ ಮುಗಿಸಬೇಡಿ, ಎದ್ದು ಹೋಗಿ.)

ಚೀಲದ ಮುಂದೆ, ಚೀಲದ ಹಿಂದೆ

ಮನೆಗೆ ಕಳಿಸುವಾಗ ಡಾಕ್ಟರು ಮೂತ್ರದ ತೊಂದರೆಗೆಂದೇ ಮಾಡಿದ ಊಟ ಬರೆದುಕೊಟ್ಟರು. ಬೆಲೆ ನೋಡಿ ಎದೆ ಧಸಕ್ಕೆಂದಿತು. ಆದರೆ ಆ ಹೊತ್ತಿಗೆ ನನ್ನೊಳಗೆ ಬೇರೆ ಏನೋ ಶುರುವಾಗಿತ್ತು. ತಪ್ಪು ಮಾಡಿದ್ದೆ, ತೀರಿಸಬೇಕಿತ್ತು. ಇದಕ್ಕಿಂತಲೂ ಒಳ್ಳೆಯದು ಇದೆಯೇನೋ, ಇದಕ್ಕಿಂತಲೂ ದುಬಾರಿಯದು ಇದೆಯೇನೋ ಅಂತ ಅಂಗಡಿ ಅಂಗಡಿ ತಿರುಗಿದೆ. ಚೀಲದ ಮುಂದೆ ಹಾರುವ ಸಾಲ್ಮನ್ ಮೀನು, ಹಸಿರು ಬಟಾಣಿ, ಕೆಂಪು ಹಣ್ಣು. ಪ್ರೀಮಿಯಂ, ಸೂಪರ್ ಪ್ರೀಮಿಯಂ, ಗ್ರೇನ್ ಫ್ರೀ. ಧಾನ್ಯ ಇಲ್ಲದ್ದಕ್ಕೆ ಜಾಸ್ತಿ ದುಡ್ಡು. ಅಕ್ಕಿಯ ಬದಲು ಆಲೂಗಡ್ಡೆ, ಬಟಾಣಿ ಹಾಕಿರುತ್ತಾರೆ. ಗುಂಡನ ಮೂತ್ರನಾಳಕ್ಕೆ ಅಕ್ಕಿಯಾದರೇನು, ಆಲೂಗಡ್ಡೆಯಾದರೇನು? ಇದು ಹೊಳೆಯುವ ಮೊದಲೇ ಎರಡು ಚೀಲ ತಂದಾಗಿತ್ತು.

ಹಿಂದೆ ತಿರುಗಿಸಿದರೆ ಇನ್ನೊಂದು ಲೋಕ. "ಕ್ರೂಡ್ ಆಶ್ 8%" ಅಂತ ಓದಿ ಬೆಕ್ಕಿನ ಊಟಕ್ಕೆ ಬೂದಿ ಬೆರೆಸುತ್ತಾರೆ ಅಂತ ಗಾಬರಿಯಾಗಿದ್ದೆ. ಬೆರೆಸುವುದಿಲ್ಲ. ಊಟವನ್ನು ಕುಲುಮೆಯಲ್ಲಿ ಪೂರ್ತಿ ಸುಟ್ಟರೆ ಕೊನೆಗೆ ಉಳಿಯುವುದೆಷ್ಟು ಅನ್ನುವ ಲೆಕ್ಕ ಅದು. ಕ್ಯಾಲ್ಸಿಯಂ, ರಂಜಕ, ಮೆಗ್ನೀಸಿಯಂ, ಎಲ್ಲ ಸೇರಿದ ಖನಿಜ. ಒಂದು ಕಾಲದಲ್ಲಿ ಬೆಕ್ಕಿನ ಕಲ್ಲಿಗೆಲ್ಲ ಈ ಬೂದಿಯೇ ಕಾರಣ ಅಂತ ಡಾಕ್ಟರುಗಳೂ ನಂಬಿದ್ದರು. ಆಮೇಲೆ ಬೂದಿಯನ್ನು ಬಿಟ್ಟು ಅದರೊಳಗಿನ ಮೆಗ್ನೀಸಿಯಂ ಹಿಡಿದರು. ಬೆಕ್ಕುಗಳಲ್ಲಿ ಆಗ ಸಿಗುತ್ತಿದ್ದ ಕಲ್ಲು ಬಹುಪಾಲು ಸ್ಟ್ರುವೈಟ್. ಅದು ಮೆಗ್ನೀಸಿಯಂ, ಅಮೋನಿಯಂ, ಫಾಸ್ಫೇಟ್ ಸೇರಿ ಆಗುವ ಹರಳು, ಮೂತ್ರ ಕ್ಷಾರವಾದಷ್ಟೂ ಬೇಗ ಕಟ್ಟುತ್ತದೆ. ಸರಿ, ಊಟದಲ್ಲಿ ಮೆಗ್ನೀಸಿಯಂ ಇಳಿಸಿದರು, ಮೂತ್ರ ಸ್ವಲ್ಪ ಆಮ್ಲವಾಗುವಂತೆ ಮಾಡಿದರು. ಸ್ಟ್ರುವೈಟ್ ಕಡಿಮೆಯಾಯಿತು. ಆದರೆ ಅದು ಖಾಲಿ ಮಾಡಿದ ಜಾಗಕ್ಕೆ ಕ್ಯಾಲ್ಸಿಯಂ ಆಕ್ಸಲೇಟ್ ಬಂದು ಕೂತಿತು. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಪ್ರಾಣಿಗಳ ಮೂತ್ರದ ಕಲ್ಲುಗಳನ್ನಷ್ಟೇ ಪರೀಕ್ಷಿಸುವ ಒಂದು ಕೇಂದ್ರವಿದೆ. 1981ರಲ್ಲಿ ಅಲ್ಲಿಗೆ ಬಂದ ಬೆಕ್ಕಿನ ಕಲ್ಲುಗಳಲ್ಲಿ ನೂರಕ್ಕೆ 78 ಸ್ಟ್ರುವೈಟ್, ಆಕ್ಸಲೇಟ್ ಬರೀ 2. ಇಪ್ಪತ್ತು ವರ್ಷ ಕಳೆಯುವುದರೊಳಗೆ ಆಕ್ಸಲೇಟ್ ಅರ್ಧಕ್ಕಿಂತ ಜಾಸ್ತಿಯಾಗಿತ್ತು. ಸ್ಟ್ರುವೈಟನ್ನು ಸರಿಯಾದ ಊಟ ಕೊಟ್ಟು ಕೆಲವು ವಾರಗಳಲ್ಲಿ ಕರಗಿಸಬಹುದು. ಆಕ್ಸಲೇಟ್ ಯಾವ ಊಟಕ್ಕೂ ಕರಗುವುದಿಲ್ಲ, ತೆಗೆಯಲೇಬೇಕು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುವ ಬಲೂನಿನ ಹಾಗಿದೆ ಇದು. ಅಂಗಡಿಯ ಕಪಾಟಿನಲ್ಲಿ ಯಾರು ಬೇಕಾದರೂ ಎತ್ತಿಕೊಳ್ಳಬಹುದಾದ "ಯೂರಿನರಿ ಕೇರ್" ಅಂತ ಬರೆದ ಚೀಲವೂ ಡಾಕ್ಟರು ಕಲ್ಲು ಯಾವುದೆಂದು ನೋಡಿ ಬರೆದುಕೊಡುವ ಊಟವೂ ಒಂದೇ ಅಲ್ಲ ಅನ್ನುವುದು ಅರ್ಥವಾದದ್ದು ಆಗ.

ಇನ್ನೊಂದು ಕಡೆಯೂ ಮೋಸ ಹೋಗಿದ್ದೆ. ಕಾಳಿನ ಚೀಲದಲ್ಲಿ ಪ್ರೋಟೀನ್ 32%. ಅದೇ ಅಂಗಡಿಯ ಹಸಿ ಊಟದ ಸಣ್ಣ ಪೌಚಿನಲ್ಲಿ 9%. ಛೆ, ಪೌಚಿನಲ್ಲಿ ಏನೂ ಇಲ್ಲ ಅಂತ ವಾಪಸ್ ಇಟ್ಟಿದ್ದೆ. ಹಾಲನ್ನೂ ಹಾಲಿನ ಪುಡಿಯನ್ನೂ ತೂಗಿ ನೋಡಿದ ಹಾಗಾಯಿತು ಇದು! ಪೌಚಿನಲ್ಲಿ 82% ನೀರು. ನೀರು ಕಳೆದರೆ ನೂರು ಗ್ರಾಮಿನಲ್ಲಿ ಉಳಿಯುವುದು 18 ಗ್ರಾಂ, ಅದರಲ್ಲಿ 9 ಪ್ರೋಟೀನ್. ಅಂದರೆ ಅರ್ಧಕ್ಕರ್ಧ. ಕಾಳಿನಲ್ಲಿ ನೀರು 10% ಅಂತ ಇಟ್ಟುಕೊಂಡರೆ 35% ಚಿಲ್ಲರೆ. ನಾನು ಏನೂ ಇಲ್ಲ ಅಂತ ಬಿಟ್ಟು ಬಂದದ್ದರಲ್ಲೇ ಗುಂಡನಿಗೆ ಬೇಕಾದದ್ದು ಇತ್ತು. ನೀರು.

ಅಜ್ಜಿಯ ಕೆಂಚಿ

ತೀರ್ಥಹಳ್ಳಿ ಕಡೆ ನಮ್ಮ ಅಜ್ಜಿಮನೆಯಲ್ಲಿ ಕೆಂಚಿ ಅಂತ ಒಂದು ಬೆಕ್ಕಿತ್ತು. ಅದಕ್ಕೆ ಯಾರೂ ಊಟ ಅಂತ ಹಾಕುತ್ತಿರಲಿಲ್ಲ. ಹಾಲು ಕರೆದು ಬರುವಾಗ ಅಜ್ಜಿ ಗೆರಟೆಗೆ ಒಂದಿಷ್ಟು ಸುರಿಯುತ್ತಿದ್ದಳು, ಅಷ್ಟೆ. ಜಾಸ್ತಿ ಹಾಕಿದರೆ ಬೈಯುತ್ತಿದ್ದಳು. "ಹೊಟ್ಟೆ ತುಂಬಿದ ಬೆಕ್ಕು ಇಲಿ ಹಿಡಿಯತ್ತಾ?" ಅಡಿಕೆ ಚೀಲ ಪೇರಿಸಿದ ಅಟ್ಟದಲ್ಲಿ ಕೆಂಚಿಯ ಕೆಲಸ. ರಾತ್ರಿ ತಲೆಯ ಮೇಲೆ ದಡಬಡ, ಬೆಳಿಗ್ಗೆ ಮೆಟ್ಟಿಲ ಮೇಲೆ ಒಂದು ಬಾಲ. ಅದು ನೀರು ಕುಡಿದದ್ದನ್ನು ನಾನು ನೋಡಿದ್ದೇ ನೆನಪಿಲ್ಲ.

ಇದನ್ನು ಡಾಕ್ಟರಿಗೆ ಹೇಳಿದೆ. ಅವರು ನಕ್ಕು, "ಇಲಿಯೊಳಗೆ ನೂರಕ್ಕೆ ಎಪ್ಪತ್ತು ಭಾಗ ನೀರೇ ಅಲ್ವಾ ಮೇಡಂ" ಅಂದರು. ಮನೆಬೆಕ್ಕಿನ ಮೂಲ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಒಣನಾಡಿನ ಕಾಡುಬೆಕ್ಕು. ಬೇಟೆಯ ಮೈಯಿಂದಲೇ ನೀರು ಪಡೆದು, ಮೂತ್ರವನ್ನು ಗಟ್ಟಿ ಮಾಡಿ, ಒಂದೊಂದು ಹನಿಯನ್ನೂ ಉಳಿಸುವುದನ್ನು ಕಲಿತ ಜಾತಿ. ಬಾಯಾರಿಕೆ ಅದಕ್ಕೆ ತಡವಾಗಿ ಗೊತ್ತಾಗುತ್ತದೆ. ಅಂಥ ಪ್ರಾಣಿಯ ಮುಂದೆ ಬಟ್ಟಲು ತುಂಬ ಒಣ ಕಾಳು ಸುರಿದು, ಪಕ್ಕದಲ್ಲಿ ನೀರಿಟ್ಟು, ಬೇಕಾದರೆ ಕುಡಿಯಲಿ ಅಂದಿದ್ದೆ ನಾನು. ಗುಂಡನ ತೂಕದ ಬೆಕ್ಕಿಗೆ ಊಟದೊಳಗಿನದೂ ಸೇರಿ ದಿನಕ್ಕೆ ಸುಮಾರು 200 ಎಂಎಲ್ ನೀರು ಬೇಕು. 60 ಗ್ರಾಂ ಕಾಳಿನಿಂದ ಸಿಗುವುದು ಒಂದು ಚಮಚ. 85 ಗ್ರಾಮಿನ ಒಂದು ಪೌಚಿನಿಂದ 70 ಎಂಎಲ್ ಹತ್ತಿರ. ಉಳಿದದ್ದನ್ನು ಕುಡಿದು ತುಂಬಿಸಿಕೊಳ್ಳುತ್ತದೆ ಅಂದರೆ, ಪೂರ್ತಿ ತುಂಬಿಸಿಕೊಳ್ಳುವುದಿಲ್ಲ. ಕಾಳು ತಿನ್ನುವ ಎಲ್ಲ ಬೆಕ್ಕಿಗೂ ಕಲ್ಲಾಗುತ್ತದೆ ಅಂತಲ್ಲ, ಎಷ್ಟೋ ಬೆಕ್ಕುಗಳು ಅದನ್ನೇ ತಿಂದು ಹದಿನಾರು ವರ್ಷ ಬದುಕುತ್ತವೆ. ಗುಂಡನಂಥ ಗಂಡು, ಮನೆಯೊಳಗೇ ಇರುವವನು, ಸ್ವಲ್ಪ ಹೊಟ್ಟೆ ಬಂದವನು, ಇವನ ಮಾತು ಬೇರೆ.

ಹಾಗಂತ ಹಳ್ಳಿ ಬೆಕ್ಕೇ ಸುಖಿ ಅಂತ ಬರೆದು ಮುಗಿಸಲು ಮನಸ್ಸು ಒಪ್ಪುತ್ತಿಲ್ಲ. ಕೆಂಚಿ ನಾಲ್ಕನೇ ವರ್ಷಕ್ಕೋ ಐದನೇ ವರ್ಷಕ್ಕೋ ಒಂದು ದಿನ ಬರಲಿಲ್ಲ. "ಎಲ್ಲೋ ಹೋಯ್ತು" ಅಂದಳು ಅಜ್ಜಿ. ಎಲ್ಲಿಗೆ ಹೋಯಿತು, ಏನಾಗಿತ್ತು, ಯಾರೂ ನೋಡಲಿಲ್ಲ. ಅದಕ್ಕೆ ಮೊದಲು ಇದ್ದ ಬೆಕ್ಕೂ ಹಾಗೇ ಎಲ್ಲೋ ಹೋಗಿತ್ತು. ಆ ಗೆರಟೆ ಹಾಲೂ ಅಷ್ಟೆ. ದೊಡ್ಡ ಬೆಕ್ಕುಗಳಲ್ಲಿ ಎಷ್ಟಕ್ಕೋ ಹಾಲು ಜೀರ್ಣವೇ ಆಗುವುದಿಲ್ಲ. ಮನೆಯ ಮೊಸರನ್ನ ಹಾಕಿ ಸಾಕುತ್ತೇವೆ ಅನ್ನುವವರಿಗೆ ಇನ್ನೊಂದು ಮಾತು. ಟಾರಿನ್ ಅನ್ನುವ ಅಂಶವನ್ನು ಬೆಕ್ಕು ತನಗೆ ಸಾಕಾಗುವಷ್ಟು ಮೈಯಲ್ಲಿ ತಯಾರಿಸಿಕೊಳ್ಳಲಾರದು, ಊಟದಿಂದಲೇ, ಅಂದರೆ ಹೆಚ್ಚಾಗಿ ಮಾಂಸದಿಂದ, ಬರಬೇಕು. ಅದು ಕಮ್ಮಿಯಾದರೆ ಬೆಕ್ಕಿನ ಹೃದಯ ಹಿಗ್ಗಿ ಸೋಲುತ್ತದೆ ಅಂತ ಕ್ಯಾಲಿಫೋರ್ನಿಯಾದ ಪಶುವೈದ್ಯರು 1987ರಲ್ಲಿ ತೋರಿಸಿದರು. ಆ ಬೆಕ್ಕುಗಳು ತಿನ್ನುತ್ತಿದ್ದದ್ದು ಕಂಪನಿಯ ಊಟವನ್ನೇ. ಆಮೇಲೆ ಕಂಪನಿಗಳು ಟಾರಿನ್ ಜಾಸ್ತಿ ಮಾಡಿದವು. ನನ್ನ ಭೂತಕನ್ನಡಿ ಈಗ ಮೊದಲು ಹುಡುಕುವುದು "ಕಂಪ್ಲೀಟ್" ಅನ್ನುವ ಪದವನ್ನು, ಅಂದರೆ ಟಾರಿನ್ ಸೇರಿ ಬೆಕ್ಕಿಗೆ ಬೇಕಾದದ್ದೆಲ್ಲ ಇದೆ ಅಂತ. ಅದಿಲ್ಲದ ಪೌಚು ಬರೀ ತಿಂಡಿ, ಊಟವಲ್ಲ.

ಅಮ್ಮ ಮತ್ತು ಟ್ಯೂನಾ

ನೀರಿನ ಊಟ ಅಂತ ತೀರ್ಮಾನ ಮಾಡಿದ್ದು ನಾವು. ಗುಂಡ ಮಾಡಿರಲಿಲ್ಲ. ಮೊದಲ ಟ್ಯೂನಾ ಮೀನಿನ ಪೌಚನ್ನು ಮೂಸಿ, ಮಣ್ಣು ಮುಚ್ಚುವ ಹಾಗೆ ನೆಲವನ್ನು ಕೆರೆದು ಹೋದ. "ಹಸಿದರೆ ತಾನೇ ತಿನ್ನತ್ತೆ ಬಿಡು" ಅಂದರು ಗೊತ್ತಿದ್ದವರು. ಬೆಕ್ಕಿನ ವಿಷಯದಲ್ಲಿ ಇದು ಅಪಾಯದ ಮಾತು. ಎರಡು ಮೂರು ದಿನ ಉಪವಾಸ ಕೆಡವಿದರೆ, ಅದರಲ್ಲೂ ದಪ್ಪ ಬೆಕ್ಕಾದರೆ, ಮೈಯ ಕೊಬ್ಬು ಯಕೃತ್ತಿಗೆ ನುಗ್ಗಿ ಅದೇ ದೊಡ್ಡ ಕಾಯಿಲೆಯಾಗುತ್ತದೆ. ಹಾಗಾಗಿ ಒಂದು ಚಮಚ ಪೌಚು, ಉಳಿದದ್ದು ಕಾಳು. ನಾಲ್ಕು ದಿನ ಬಿಟ್ಟು ಎರಡು ಚಮಚ. ನಾನು ಆಫೀಸಿಗೆ ಹೋದ ಮೇಲೆ ಈ ಕೆಲಸ ಅಮ್ಮನ ಪಾಲಿಗೆ ಬಂತು. ಜೀವಮಾನದಲ್ಲಿ ಮೊಟ್ಟೆ ಮುಟ್ಟದವಳು. ಮೊದಮೊದಲು ಸೆರಗಿನಿಂದ ಮೂಗು ಮುಚ್ಚಿಕೊಂಡು, ಪೌಚಿನ ತುದಿಯನ್ನು ಕತ್ತರಿಯಲ್ಲಿ ಕತ್ತರಿಸಿ, ಮುಖ ಆಚೆ ತಿರುಗಿಸಿ ಬಟ್ಟಲಿಗೆ ಹಿಂಡುತ್ತಿದ್ದಳು. ಅವನಿಗೆ ಬೇರೆ ಚಮಚ, ಬೇರೆ ಬಟ್ಟಲು, ಬಚ್ಚಲಲ್ಲಿ ಬೇರೆ ಸೋಪು. ಆದರೆ ಕೊನೆಗೆ ದಾರಿ ಕಂಡುಹಿಡಿದದ್ದೂ ಅವಳೇ. "ತಣ್ಣಗಿನ ಸಾರು ನೀನು ತಿಂತೀಯಾ?" ಅಂತ ಕೇಳಿ, ಪೌಚನ್ನು ಬಿಸಿನೀರಿನ ಲೋಟದಲ್ಲಿ ಐದು ನಿಮಿಷ ಇಟ್ಟಳು. ಉಗುರು ಬೆಚ್ಚಗಾದ ಮೀನಿನ ವಾಸನೆ ಮನೆ ತುಂಬ. ಗುಂಡ ಬಂದು ನೆಕ್ಕಿದ. ಈಗ ಅದಕ್ಕೇ ಮೂರು ಚಮಚ ಬಿಸಿನೀರು ಹಾಕಿ ತೆಳ್ಳಗೆ ಮಾಡಿ ಕೊಡುತ್ತಾಳೆ. ಅದಕ್ಕೆ ಅವಳಿಟ್ಟ ಹೆಸರು ಗುಂಡನ ತಿಳಿಸಾರು.

ಪೂರ್ತಿ ಪೌಚಿಗೆ ಹೋದರೆ ದಿನಕ್ಕೆ ಮೂರು ಬೇಕು. ನಮ್ಮ ತಿಂಗಳ ಲೆಕ್ಕಕ್ಕೆ ಅದು ಭಾರ. ಡಾಕ್ಟರ ಹತ್ತಿರ ನಾಚಿಕೆ ಬಿಟ್ಟು ಹೇಳಿದೆ. ಬೆಳಿಗ್ಗೆ ಸಂಜೆ ಪೌಚು, ರಾತ್ರಿ ಅವರೇ ಬರೆದ ಊಟದ ಕಾಳನ್ನು ನೆನೆಸಿ ಕೊಡುವುದು ಅಂತಾಯಿತು. ಜೊತೆಗೆ ಬೇರೆ ಏನೂ ಇಲ್ಲ, ಚೀಸ್ ಇಲ್ಲ, ಒಣಮೀನು ಇಲ್ಲ. ನೀರಿನ ಕಾರಂಜಿಯೊಂದನ್ನು ತಂದಿದ್ದೆ, ಅದನ್ನು ಆಟದ ಸಾಮಾನು ಮಾಡಿಕೊಂಡ. ಕುಡಿಯುವುದು ಬಚ್ಚಲ ಬಕೆಟ್ಟಿನಿಂದಲೇ. ಆ ಬಕೆಟ್ಟು ಈಗ ಅವನದು.

ನೀರು ಅಂದಾಗ ಎಲ್ಲರೂ ಕೇಳುವುದು ಬೋರ್‌ವೆಲ್ ಬಗ್ಗೆ. ಗಡಸು ನೀರಿನಿಂದಲೇ ಕಲ್ಲು, ಫಿಲ್ಟರ್ ನೀರು ಕೊಡಿ ಅಂತ. ಕೂತು ಲೆಕ್ಕ ಹಾಕಿದೆ. ಲೀಟರಿಗೆ 300 ಮಿಲಿಗ್ರಾಂ ಗಡಸುತನ, ಅದೆಲ್ಲವೂ ಕ್ಯಾಲ್ಸಿಯಂ ಕಾರ್ಬೊನೇಟೇ ಅಂತ ಹಿಡಿದರೂ ಲೀಟರಿನಲ್ಲಿ 120 ಮಿಲಿಗ್ರಾಂ ಕ್ಯಾಲ್ಸಿಯಂ. ಗುಂಡ 150 ಎಂಎಲ್ ಕುಡಿದರೆ 18 ಮಿಲಿಗ್ರಾಂ. 1% ಕ್ಯಾಲ್ಸಿಯಂ ಇರುವ ಕಾಳು 60 ಗ್ರಾಂ ತಿಂದರೆ 600. ಬಕೆಟ್ಟನ್ನು ಅವನಿಗೇ ಬಿಟ್ಟೆ.

ಊಟ ಒಳ್ಳೆಯದೋ ಅಲ್ಲವೋ ಅಂತ ನೋಡಲು ಈಗ ನಾವು ಚೀಲ ಓದುವುದು ಕಮ್ಮಿ, ಟ್ರೇ ಓದುವುದು ಜಾಸ್ತಿ. ಉಚ್ಚೆ ಬಿದ್ದಲ್ಲಿ ಲಿಟ್ಟರ್ ಉಂಡೆ ಕಟ್ಟುತ್ತದಲ್ಲ, ದಿನಕ್ಕೆ ಎಷ್ಟು ಉಂಡೆ, ಎಷ್ಟು ದಪ್ಪ? ಕಾಳಿನ ಕಾಲದಲ್ಲಿ ಎರಡು, ಅಡಿಕೆ ಗಾತ್ರ. ಈಗ ಮೂರು ನಾಲ್ಕು, ದೊಡ್ಡ ನಿಂಬೆಹಣ್ಣಿನ ಗಾತ್ರ. ಬೆಳಿಗ್ಗೆ ಅಮ್ಮನ ಮೊದಲ ಪ್ರಶ್ನೆಯೇ "ಎಷ್ಟು ಉಂಡೆ?" ನೆಂಟರಿದ್ದಾಗ ಈ ಮಾತು ಕೇಳಿ ಅವರು ಇವತ್ತು ತಿಂಡಿಗೆ ಉಂಡೆಗಡುಬು ಅಂದುಕೊಂಡದ್ದೂ ಇದೆ. ಡಾಕ್ಟರಲ್ಲಿ ಇದಕ್ಕೊಂದು ಪಕ್ಕಾ ಅಳತೆ ಇದೆ. ಡೇರಿಯಲ್ಲಿ ಹಾಲಿಗೆ ಲ್ಯಾಕ್ಟೋಮೀಟರ್ ಇಳಿಸುವ ಹಾಗೆ ಬರೀ ನೀರಿಗೆ ಹೋಲಿಸಿದರೆ ಮೂತ್ರ ಎಷ್ಟು ಗಟ್ಟಿ ಅಂತ ನೋಡುತ್ತಾರೆ. ಗುಂಡನದ್ದು ಮೊದಲು 1.056 ಇತ್ತು, ಆರು ತಿಂಗಳಿಗೆ 1.030ರ ಒಳಗೆ ಬಂತು. ನೀರು ಬೆರೆಸಿದ್ದಕ್ಕೆ ಶಭಾಷ್ ಸಿಗುವುದು ಇದೊಂದೇ ಕಡೆ. ಮೊದಲ ಸಲ ಸ್ಯಾಂಪಲ್ ತೆಗೆದುಕೊಂಡು ಹೋಗುವಾಗ ಹಿಂದಿನ ರಾತ್ರಿಯೇ ಹಿಡಿದು ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಇಟ್ಟಿದ್ದೆ. ಅದರಲ್ಲಿ ಹರಳೋ ಹರಳು. ತಣ್ಣಗಿಟ್ಟರೆ ಬಾಟಲಿಯಲ್ಲೇ ಹರಳು ಕಟ್ಟುತ್ತದಂತೆ, ಬೆಕ್ಕಿನದಲ್ಲ ಅದು, ಫ್ರಿಜ್ಜಿನದು. ಅಮ್ಮ ಆ ಮೊಸರನ್ನು ಚೆಲ್ಲಿದಳು.

ಅಮ್ಮ ಊರಿಗೆ ಹೋದಾಗ

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಕಳೆದ ವರ್ಷ ಚಿಕ್ಕಮ್ಮನ ಕಾಲು ಮುರಿದು ಅಮ್ಮ ಒಂದು ತಿಂಗಳು ಊರಿಗೆ ಹೋದಳು. ಅದೇ ಪೌಚು, ಅದೇ ಬಿಸಿನೀರು, ಅದೇ ಮೂರು ಚಮಚ. ಕೊಡುವ ಹೊತ್ತು ಮಾತ್ರ ನನ್ನ ಆಫೀಸಿನ ಪ್ರಕಾರ ಹಿಂದೆ ಮುಂದೆ ಆಗುತ್ತಿತ್ತು. ಒಂಬತ್ತನೇ ದಿನ ಸೋಫಾದ ಮೇಲೆ ರೂಪಾಯಿ ಗಾತ್ರದ ಗುಲಾಬಿ ಕಲೆ. ನನ್ನ ಕೈಕಾಲು ತಣ್ಣಗಾಯಿತು. ಓಡಿದೆ. ಸದ್ಯ, ಕಟ್ಟಿರಲಿಲ್ಲ. ಮೂತ್ರದಲ್ಲಿ ಹರಳಿಲ್ಲ, ಸೋಂಕಿಲ್ಲ, ಸ್ಕ್ಯಾನಿನಲ್ಲಿ ಕಲ್ಲಿಲ್ಲ. ಮೂತ್ರಚೀಲ ಮಾತ್ರ ಕೆಂಪಗೆ ಊದಿತ್ತು. ಇದಕ್ಕೆ ಕಾರಣ ಇದೇ ಅಂತ ತೋರಿಸಲು ಆಗುವುದಿಲ್ಲ ಅಂದರು ಡಾಕ್ಟರು. ಚಿಕ್ಕ, ನಡುವಯಸ್ಸಿನ ಬೆಕ್ಕುಗಳ ಉರಿಮೂತ್ರದಲ್ಲಿ ಅರ್ಧಕ್ಕಿಂತ ಜಾಸ್ತಿ ಇಂಥದ್ದೇ ಅಂತೆ.

"ಮನೇಲಿ ಏನಾದರೂ ಬದಲಾಯ್ತಾ?" ಅಂತ ಕೇಳಿದರು. ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದ ಟೋನಿ ಬಫಿಂಗ್ಟನ್ ಅನ್ನುವ ಪಶುವೈದ್ಯರು ಈ ರೋಗವನ್ನು ವರ್ಷಗಟ್ಟಲೆ ಹಿಂಬಾಲಿಸಿದವರು. ಅವರ ತಂಡ 2011ರಲ್ಲಿ ಬರೆದದ್ದನ್ನು ಆಮೇಲೆ ಓದಿದೆ. ಊಟದ ಹೊತ್ತು ತಪ್ಪಿದ, ನೋಡಿಕೊಳ್ಳುವವರು ಬದಲಾದ ವಾರಗಳಲ್ಲಿ ಬೆಕ್ಕುಗಳು ಊಟ ಬಿಡುವುದು, ವಾಂತಿ ಮಾಡುವುದು, ಟ್ರೇಯ ಹೊರಗೆ ಉಚ್ಚೆ ಮಾಡುವುದು ಹೆಚ್ಚಾಗಿತ್ತು. ರೋಗ ಇದ್ದ ಬೆಕ್ಕುಗಳಲ್ಲಿ ಮಾತ್ರವಲ್ಲ, ಹುಷಾರಾಗಿದ್ದವುಗಳಲ್ಲೂ. ಆಗ ನೆನಪಾಯಿತು, ಮೊದಲ ಸಲ ಕಟ್ಟಿದ್ದು ನಾವು ಮನೆ ಬದಲಾಯಿಸಿದ ಮೂರನೇ ವಾರ. ಆಗ ನಾನು ಬೈದದ್ದು ಕಾಳಿಗೆ ಮಾತ್ರ. ಈಗ ಯೋಚಿಸಿದರೆ, ಅವನು ಸುಧಾರಿಸಿದ್ದು ಪೌಚಿನಿಂದಲೋ, ಅಷ್ಟು ದಿನ ಅಮ್ಮ ಬಟ್ಟಲು ಹಿಡಿದು ಪಕ್ಕದಲ್ಲೇ ಕೂತು "ತಿನ್ನೋ ಗುಂಡಣ್ಣ" ಅನ್ನುತ್ತಿದ್ದದ್ದರಿಂದಲೋ? ನೀರಂತೂ ನಿಜ, ಲ್ಯಾಕ್ಟೋಮೀಟರ್ ಸುಳ್ಳು ಹೇಳುವುದಿಲ್ಲ. ಉಳಿದದ್ದನ್ನು ಬಿಡಿಸಿ ನೋಡಲು ನನ್ನ ಹತ್ತಿರ ಇರುವುದು ಒಂದೇ ಬೆಕ್ಕು.

ಮೂರನೇ ಮಹಡಿಯ ಹುಡುಗನಿಗೆ ಕೊನೆಗೆ ಎರಡೇ ಸಾಲು ಕಳಿಸಿದೆ. "ಗಂಡಾ ಹೆಣ್ಣಾ? ಯಾವುದಾದರೂ ಕಂಪ್ಲೀಟ್ ಪೌಚು ತಗೋ, ನೀರು ಬೆರೆಸು, ಸಂಜೆ ನಮ್ಮನೆಗೆ ಬಾ, ಟ್ರೇ ತೋರಿಸ್ತೀನಿ." ಒಂದು ಥಂಬ್ಸ್ ಅಪ್ ಬಂತು. ಟ್ರೇ ಯಾಕೆ ಅಂತ ಅವನಿಗೆ ಅರ್ಥವಾದ ಹಾಗೆ ಕಾಣಲಿಲ್ಲ.

ಹೋದ ತಿಂಗಳು ಅಮ್ಮ ಮತ್ತೆ ಊರಿಗೆ ಹೋದಳು, ಹತ್ತು ದಿನಕ್ಕೆ. ಹೊರಡುವ ಮುಂಚೆ ಫ್ರಿಜ್ಜಿನ ಬಾಗಿಲಿಗೆ ಊಟದ ಹೊತ್ತು ಬರೆದು ಅಂಟಿಸಿದಳು, ಏಳೂವರೆ, ಆರು, ಹತ್ತು. ಬಸ್ಸಿಗೆ ಹೊತ್ತಾಗುತ್ತಿದೆ ಅಂತ ನಾನು ಕೂಗುತ್ತಿದ್ದರೂ ವಾಪಸ್ ಒಳಗೆ ಹೋಗಿ, ಹಿಂದಿನ ದಿನ ಉಟ್ಟು ಬಿಟ್ಟಿದ್ದ ನೂಲಿನ ಸೀರೆಯನ್ನು ಮಡಚಿ ತನ್ನ ಕುರ್ಚಿಯ ಮೇಲಿಟ್ಟು ಬಂದಳು. ಹತ್ತು ದಿನ ಗುಂಡ ಅದರ ಮೇಲೇ ಮಲಗಿದ. ದಿನಕ್ಕೆ ಮೂರು ಉಂಡೆ, ಒಂದು ದಿನ ನಾಲ್ಕು. ಅಮ್ಮ ಬಂದು ವಾರವಾಯಿತು, ಸೀರೆ ಇನ್ನೂ ಕುರ್ಚಿಯ ಮೇಲೇ ಇದೆ, ಮೇಲೆಲ್ಲ ಬೂದು ಕೂದಲು. ಒಗೆಯಲು ಹಾಕಿದರೆ ಬೈಯುತ್ತಾಳೆ.